ಯೂರಿನ್ ರಿಪೋರ್ಟಿನಲ್ಲಿ ಕೀಟೋನ್ 2+ ಬಂದಿದೆ, ಕಿಡ್ನಿ ಕೆಟ್ಟಿದೆಯೇ?

ಅಮ್ಮನಿಗೆ 58, ಪುಣೆಯಲ್ಲಿದ್ದಾರೆ, ರುಟೀನ್ ಚೆಕಪ್‌ನಲ್ಲಿ ಮೂತ್ರದಲ್ಲಿ ಕೀಟೋನ್ 2+ ಬಂದಿದೆ, ಶುಗರ್ ನಿಲ್, ಕಿಡ್ನಿ ಹೋಯಿತಾ ಅಂತ ಕೇಳಿದ್ದೀರಿ. ಕೀಟೋನ್ ಅಂದರೆ ಮೈ ಕೊಬ್ಬು ಸುಟ್ಟಾಗ ಹುಟ್ಟುವ ವಸ್ತು, ಅದು ಕಿಡ್ನಿಯ ಕಥೆ ಹೇಳುವುದಿಲ್ಲ, ಆ ಭಯ ಬಿಡಿ. ನಾನು ಡಾಕ್ಟರಲ್ಲ, ಡೊಂಬಿವಲಿಯ ಒಂದು ಲ್ಯಾಬಿನಲ್ಲಿ 14 ವರ್ಷದಿಂದ ಮೂತ್ರಕ್ಕೆ ಪರೀಕ್ಷೆಯ ಸ್ಟ್ರಿಪ್ ಅದ್ದುತ್ತಿರುವವನು. ನೀವು ಬರೆಯದೇ ಬಿಟ್ಟದ್ದು ಒಂದಿದೆ: ಹಿಂದಿನ ದಿನ ಅಮ್ಮ ಏನು ತಿಂದಿದ್ದರು?

ಏಕಾದಶಿಯ ಮರುದಿನ ನಮ್ಮಲ್ಲಿ ಇದು ಮಾಮೂಲು. ಇಲ್ಲಿಯವರ ಉಪವಾಸಕ್ಕೆ ಸಾಬೂದಾಣಿ ಖಿಚಡಿ ಇರುತ್ತದೆ, ಬಟಾಟೆ ಇರುತ್ತದೆ, ಕೀಟೋನ್ ಬರಬೇಕಾದ ಪ್ರಮೇಯವೇ ಕಡಿಮೆ. ನಮ್ಮ ಮಾಧ್ವರ ಮನೆಯ ಹಿರಿಯರು ಹಾಗಲ್ಲ. ಹನಿ ನೀರು ಮುಟ್ಟದೆ ದಿನ ಕಳೆದು, "ಹೇಗೂ ಖಾಲಿ ಹೊಟ್ಟೆ, ಟೆಸ್ಟೂ ಮುಗಿದುಹೋಗಲಿ" ಅಂತ ಪಾರಣೆಗೂ ಮೊದಲೇ ಬಾಟಲಿ ಹಿಡಿದು ಬರುತ್ತಾರೆ. ನಮ್ಮತ್ತೆಯೂ ಹಾಗೇ ಬಂದಿದ್ದರು. ಸ್ಟ್ರಿಪ್‌ನ ಕೀಟೋನ್ ಚೌಕ ಮೊದಲು ಮಾಸಲು ಬಣ್ಣದ್ದು. ನಾವು ಬಳಸುವ ಸ್ಟ್ರಿಪ್‌ನಲ್ಲಿ ಅದ್ದಿ 40 ಸೆಕೆಂಡಿಗೆ ಓದಬೇಕು. ಸೋಲ್‌ಕಢಿಯಷ್ಟು ಗುಲಾಬಿಯಾದರೆ ಸ್ವಲ್ಪ, ಕೋಕಂ ಶರಬತ್ತಿನ ಹಾಗೆ ಕಪ್ಪಿಟ್ಟರೆ ಜಾಸ್ತಿ. ಅತ್ತೆಯದು ಇವೆರಡರ ನಡುವೆ ನಿಂತಿತ್ತು. ಪಾರಣೆ ಮಾಡಿ ಮಾರನೇ ದಿನ ಕೊಟ್ಟಾಗ ಚೌಕ ಬಣ್ಣವೇ ಬದಲಿಸಲಿಲ್ಲ.

ಆಗುವುದಿಷ್ಟೇ. ಊಟ ನಿಂತರೆ ಲಿವರಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಹೆಚ್ಚುಕಡಿಮೆ ಒಂದು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಮೈ ಕೊಬ್ಬಿಗೆ ಕೈ ಹಾಕುತ್ತದೆ, ಲಿವರ್ ಅದರಿಂದ ಕೀಟೋನ್ ಮಾಡಿ ಮಿದುಳಿಗೂ ಹೃದಯಕ್ಕೂ ಉಣಿಸುತ್ತದೆ. ಮಿಕ್ಕದ್ದು ಮೂತ್ರಕ್ಕೆ. ಎರಡು ದಿನ ವಾಂತಿ, ಬಸುರಿಯರ ವಿಪರೀತ ವಾಂತಿ, ಅನ್ನ ಚಪಾತಿ ಬಿಟ್ಟ ಕೀಟೋ ಡಯಟ್, ಎಲ್ಲದರ ದಾರಿಯೂ ಇದೇ.

ಹೆದರಬೇಕಾದದ್ದು ಬೇರೆ. ಡಯಾಬಿಟಿಸ್ ಇದ್ದು, ಅದರಲ್ಲೂ ಟೈಪ್ 1 ಇದ್ದು, ಇನ್ಸುಲಿನ್ ಸಾಲದೇ ಹೋದರೆ ರಕ್ತದ ತುಂಬ ಸಕ್ಕರೆ ಇದ್ದೂ ಮೈ ಕೊಬ್ಬನ್ನೇ ಸುಡುತ್ತದೆ, ರಕ್ತ ಹುಳಿಯಾಗುತ್ತದೆ. ಇದಕ್ಕೆ ಕೀಟೋಆಸಿಡೋಸಿಸ್ ಅನ್ನುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಬಂದರೆ ಲ್ಯಾಬಿಗಲ್ಲ, ನೇರ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ರಕ್ತದ ಕೀಟೋನ್ ನೋಡುತ್ತಾರೆ, ಲೀಟರಿಗೆ 3 ಮಿಲಿಮೋಲ್ ದಾಟಿದ್ದರೆ ಗಂಭೀರ. ಮೂತ್ರದ ಸ್ಟ್ರಿಪ್ ತೋರಿಸುವುದು ಮುಖ್ಯವಾಗಿ ಅಸಿಟೋಅಸಿಟೇಟ್ ಅನ್ನುವ ಒಂದು ಬಗೆಯ ಕೀಟೋನನ್ನೇ. ಇಂಥ ಹೊತ್ತಿನಲ್ಲಿ ಹೆಚ್ಚಿಗೆ ಇರುವ ಇನ್ನೊಂದು ಬಗೆ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಡಯಾಬಿಟಿಸ್‌ಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಿಗೆ ರಕ್ತದ ಸಕ್ಕರೆ ಅಷ್ಟೇನೂ ಏರದೆಯೂ ಈ ಕೀಟೋಆಸಿಡೋಸಿಸ್ ಆಗಬಹುದು. ಆದರೆ ಆ ಮಾತ್ರೆ ಸಕ್ಕರೆಯನ್ನು ಮೂತ್ರಕ್ಕೆ ಸುರಿಯುತ್ತದೆ. ನಿಮ್ಮಮ್ಮನದು ನಿಲ್ ಅಂದಿದ್ದೀರಿ, ಹಾಗಾಗಿ ನನ್ನ ಗುಮಾನಿ ಉಪವಾಸದ ಮೇಲೇ.

ಆದರೂ ಗ್ಲುಕೋಮೀಟರ್‌ನಲ್ಲಿ ಒಮ್ಮೆ ಶುಗರ್ ನೋಡಿ, ರಿಪೋರ್ಟನ್ನು ಡಾಕ್ಟರಿಗೂ ತೋರಿಸಿ. ಎರಡು ದಿನ ಹೊಟ್ಟೆತುಂಬ ಉಂಡ ಮೇಲೆ ಮತ್ತೊಂದು ಸ್ಯಾಂಪಲ್ ಕೊಡಲಿ, ಆದಷ್ಟು ಲ್ಯಾಬಿನಲ್ಲೇ. ದ್ವಾದಶಿ ಬೆಳಿಗ್ಗೆ ಮಾತ್ರ ಬೇಡ.