ಠ ಬಂದಾಗ ಏನು ಮಾಡೋದು? ಗ್ರೂಪಿನ ಅಂತ್ಯಾಕ್ಷರಿ ಟೂರ್ನಿಗೆ ನಿಯಮಗಳು

ಹೋದ ಸಂಚಿಕೆಯಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪದ ಅಂತ್ಯಾಕ್ಷರಿ ಆಡುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಒಬ್ಬರು ಒಂದು ಪದ ಬರೆಯುತ್ತಾರೆ, ಅದರ ಕೊನೆಯ ಅಕ್ಷರದಿಂದ ಮುಂದಿನವರು ಇನ್ನೊಂದು ಪದ ಬರೆಯಬೇಕು. ಮರ ಅಂದರೆ ರಾಗಿ, ರಾಗಿ ಅಂದರೆ ಗಾಳಿ. ಗಾಳಿ ಬಂದ ಕೂಡಲೇ ಜಗಳ ಶುರು, ಯಾಕಂದರೆ ಳಕಾರದಿಂದ ಶುರುವಾಗುವ ಪದ ನಮ್ಮಲ್ಲಿಲ್ಲ.

ಪ್ರಶ್ನೆ: ನಾವು ಹೈಸ್ಕೂಲು ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ರಾಜ್ಯೋತ್ಸವಕ್ಕೆ ಟೂರ್ನಿ ಮಾಡಬೇಕು ಅಂತಿದ್ದೇವೆ. 24 ಜನ ಹೆಸರು ಕೊಟ್ಟಿದ್ದಾರೆ. ಹೋದ ವರ್ಷ ‘ಯಾರು ಮೊದಲು ಉತ್ತರಿಸುತ್ತಾರೋ ಅವರಿಗೆ ಪಾಯಿಂಟ್’ ಅಂತ ಇಟ್ಟಿದ್ದೆವು. ಯಾರದು ಮೊದಲು ಬಂತು ಅನ್ನೋದೇ ತೀರ್ಮಾನ ಆಗಲಿಲ್ಲ. ಇಬ್ಬರು ಗ್ರೂಪ್ ಬಿಟ್ಟೇ ಹೋದರು.
– ಓದುಗರು, ಸಾಗರ

ಉತ್ತರ: ಆ ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಕ್ಕಿಲ್ಲ. ಒಂದೇ ಹೊತ್ತಿಗೆ ನಾಲ್ಕು ಮೆಸೇಜು ಬಂದಾಗ, ನೆಟ್‌ವರ್ಕ್ ನಿಧಾನ ಇದ್ದವರ ಫೋನಿನಲ್ಲಿ ಅವರ ಮೆಸೇಜು ಮೇಲೆ ಕಾಣಿಸುತ್ತದೆ, ಬೇರೆಯವರ ಫೋನಿನಲ್ಲಿ ಅದೇ ಮೆಸೇಜು ಕೆಳಗೆ ಬಂದಿರುತ್ತದೆ. ಇಬ್ಬರೂ ತಮ್ಮ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ. ಚಾಟ್‌ನಲ್ಲಿ ಕಾಣುವ ಟೈಮನ್ನು ನೋಡಿ ತೀರ್ಮಾನ ಮಾಡೋಣ ಅಂದರೆ, ಅಲ್ಲಿ ಗಂಟೆ, ನಿಮಿಷ ಮಾತ್ರ ಇರುತ್ತದೆ, ಸೆಕೆಂಡು ಇರುವುದಿಲ್ಲ.

ಅದಕ್ಕೇ ‘ಮೊದಲು ಬಂದವರು’ ಅನ್ನೋ ನಿಯಮವನ್ನೇ ತೆಗೆದುಹಾಕಿ. ಸರದಿ ಪ್ರಕಾರ ಆಡಿಸಿ. 24 ಜನ ಅಂದರೆ ನಾಲ್ಕು ನಾಲ್ಕು ಜನರ ಆರು ತಂಡ ಮಾಡಿ, ಒಂದೊಂದಕ್ಕೂ ಬೇರೆ ಚಿಕ್ಕ ಗ್ರೂಪು ತೆರೆಯಿರಿ, ಒಬ್ಬೊಬ್ಬ ಅಂಪೈರ್ ಇರಲಿ. ಅಂಪೈರ್ ಆಡಬಾರದು. ಸರದಿ ಬಂದವರ ಹೆಸರು ಹಾಕಿ, ತನ್ನ ಫೋನಿನ ಸ್ಟಾಪ್‌ವಾಚ್ ಒತ್ತಿ, ಸಮಯ ಮುಗಿದ ಕೂಡಲೇ ‘ಟೈಮ್’ ಅಂತ ಬರೆಯಬೇಕು. ಅಂಪೈರ್ ಪರದೆಯಲ್ಲಿ ಆ ‘ಟೈಮ್’ಗಿಂತ ಮೇಲೆ ಇರುವ ಪದವೇ ಲೆಕ್ಕ. ಬೇರೆ ಯಾರ ಸ್ಕ್ರೀನ್‌ಶಾಟೂ ಲೆಕ್ಕಕ್ಕಿಲ್ಲ. ಈ ಒಂದು ಸಾಲನ್ನು ಆಟದ ಹಿಂದಿನ ದಿನವೇ ಗ್ರೂಪಿನಲ್ಲಿ ಹಾಕಿ, ಎಲ್ಲರಿಂದ ‘ಒಪ್ಪಿದೆ’ ಅಂತ ಬರೆಸಿಕೊಳ್ಳಿ. ಆಟ ಬಿಸಿ ಏರಿದ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ.

ತಿದ್ದುವುದರ ಬಗ್ಗೆಯೂ ಒಂದು ನಿಯಮ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದವರೆಗೆ ತಿದ್ದಬಹುದು. ತಿದ್ದಿದ ಗುರುತು ಕಾಣಿಸುತ್ತದೆ ನಿಜ, ಆದರೆ ಮೊದಲು ಏನಿತ್ತು ಅನ್ನೋದು ಕಾಣುವುದಿಲ್ಲ. ತಿದ್ದಿದ ಪದ, ಅಳಿಸಿದ ಪದ ಎರಡೂ ಔಟ್ ಅಂತ ಬರೆದುಬಿಡಿ. ಬೆರಳು ತಪ್ಪಿ ಕಾಗುಣಿತ ಕೆಟ್ಟರೆ, ಸಮಯ ಇರುವಾಗಲೇ ಕೆಳಗೆ ಇನ್ನೊಂದು ಸಲ ಸರಿಯಾಗಿ ಬರೆಯಲಿ, ಕೊನೆಯದ್ದನ್ನು ಲೆಕ್ಕಕ್ಕೆ ತಗೊಳ್ಳಿ.

ಯಾರು ಮೊದಲು ಶುರು ಮಾಡಬೇಕು ಅನ್ನೋದಕ್ಕೆ ಚೀಟಿ ಎತ್ತಿ ಫೋಟೋ ಹಾಕಿದರೆ ಸಾಕು. ಟೆಲಿಗ್ರಾಮ್‌ನಲ್ಲಿ ಆಡುವವರಿಗೆ ಇನ್ನೂ ಸುಲಭ. ಅಲ್ಲಿ ದಾಳದ ಇಮೋಜಿ ಕಳಿಸಿದರೆ ಅದು ತಾನೇ ಉರುಳಿ ಒಂದರಿಂದ ಆರರೊಳಗೆ ನಿಲ್ಲುತ್ತದೆ, ಎಷ್ಟು ಬೀಳುತ್ತದೆ ಅನ್ನೋದು ಕಳಿಸಿದವರ ಕೈಯಲ್ಲಿ ಇರುವುದಿಲ್ಲ.

ಪ್ರಶ್ನೆ: ಕೊನೆಯ ಅಕ್ಷರ ಯಾವುದು ಅಂತ ತೀರ್ಮಾನಿಸುವುದೇ ಕಷ್ಟ. ‘ಸೂರ್ಯ’ ಅಂದರೆ ರಕಾರವೋ ಯಕಾರವೋ? ‘ಗಂಡಸರು’ ಅಂದರೆ ರುಕಾರದಿಂದಲೇ ಹುಡುಕಬೇಕಾ? ಇನ್ನು ಕೆಲವರು ಬೇಕಂತಲೇ ಣ, ಳ ತಂದು ನಿಲ್ಲಿಸುತ್ತಾರೆ.
– ಓದುಗರು, ಧಾರವಾಡ

ಉತ್ತರ: ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಯಾಕಂದರೆ ಇದಕ್ಕೆ ಉತ್ತರ ಬೇರೆ ಯಾವ ಭಾಷೆಯ ಆಟದಿಂದಲೂ ಎರವಲು ಸಿಗುವುದಿಲ್ಲ, ನಾವೇ ಕೂತು ಮಾಡಿಕೊಳ್ಳಬೇಕು.

ಒತ್ತಕ್ಷರದಲ್ಲಿ ಬಾಯಿಗೆ ಕೊನೆಗೆ ಬರುವ ವ್ಯಂಜನವೇ ಲೆಕ್ಕ. ಸೂರ್ಯ, ಭಾಗ್ಯ ಎರಡಕ್ಕೂ ಯ. ಪುಷ್ಪಕ್ಕೆ ಪ. ಹಬ್ಬಕ್ಕೆ ಬ. ಸ್ವರವನ್ನು ಬಿಟ್ಟುಬಿಡಿ, ವ್ಯಂಜನ ಹಿಡಿಯಿರಿ. ‘ರು’ ಬಂದರೆ ರ, ರಾ, ರಿ, ರೋ ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಸ್ವರ ಸಮೇತ ಹಿಡಿದರೆ ಆಟ ಹತ್ತು ಪದಕ್ಕೆ ಸತ್ತುಹೋಗುತ್ತದೆ, ನಾವು ಮಾಡಿ ನೋಡಿದ್ದೇವೆ.

ಣ, ಳ ಬಗ್ಗೆ ಎರಡು ದಾರಿ. ಒಂದು, ಣ ಬಂದರೆ ನ, ಳ ಬಂದರೆ ಲ ಅಂತ ಮಾಡೋದು. ಚಿಕ್ಕ ಮಕ್ಕಳಿದ್ದರೆ ಇದು ಸರಿ. ಇನ್ನೊಂದು, ಅಂಥ ಪದ ಬರೆದವರೇ ಇನ್ನೊಂದು ಪದ ಕೊಡೋದು. ನನ್ನ ಮತ ಮೊದಲನೆಯದಕ್ಕೆ. ಹಣ, ಬಾಣ, ಬೆಳಕಿನ ಕಿರಣ, ಹೂವಿನ ಎಸಳು ಇಂಥ ಒಳ್ಳೊಳ್ಳೆ ಪದಗಳನ್ನು ಆಟದಿಂದ ಆಚೆ ಹಾಕುವುದು ಯಾಕೆ? ಣಕಾರದಿಂದ ಪದ ಇಲ್ಲ ಅಂತ ನಾನು ಒಮ್ಮೆ ಹೇಳಿದಾಗ ಶ್ರವಣಬೆಳಗೊಳದ ಕಡೆಯ ಒಬ್ಬರು ‘ಣಮೋಕಾರ ಮಂತ್ರ ಇದೆಯಲ್ಲ’ ಅಂದರು. ಅದು ಪ್ರಾಕೃತದ್ದು, ಆದರೂ ನಮ್ಮ ಜೈನರ ಮನೆಗಳಲ್ಲಿ ದಿನಾ ಬಾಯಲ್ಲಿರುವ ಪದ. ಅವತ್ತು ಅವರಿಗೆ ಪಾಯಿಂಟ್ ಕೊಟ್ಟೆವು.

ಆದರೆ ‘ಗಳು’ ಹಚ್ಚುವುದನ್ನು ಮಾತ್ರ ಕಟ್ಟುನಿಟ್ಟಾಗಿ ನಿಲ್ಲಿಸಿ. ಮರಗಳು, ಪುಸ್ತಕಗಳು, ಹಬ್ಬಗಳು ಅಂತ ಹೊರಟರೆ ಯಾವ ಪದದ ಬಾಲಕ್ಕಾದರೂ ಳ ಕಟ್ಟಬಹುದು. ಬಹುವಚನ ಇಲ್ಲ, ವಿಭಕ್ತಿ ಇಲ್ಲ, ‘ಬರುತ್ತಾರೆ’, ‘ಹೋದರು’ ಥರದ ಕ್ರಿಯಾಪದ ಇಲ್ಲ, ಊರು ಮತ್ತು ಮನುಷ್ಯರ ಹೆಸರಿಲ್ಲ. ಮೂಲರೂಪ ಮಾತ್ರ. ಬಂದ ಪದ ಮತ್ತೆ ಬರಬಾರದು.

ಕನ್ನಡ ಲಿಪಿಯಲ್ಲೇ ಬರೆಯಬೇಕು ಅನ್ನೋದು ನಿಯಮದ ಪಟ್ಟಿಯಲ್ಲಿ ಮೊದಲೇ ಇರಲಿ. ಇದು ಭಾಷಾಭಿಮಾನದ ಮಾತಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಲ್ಲಿಗೂ ಹಳ್ಳಿಗೂ ವ್ಯತ್ಯಾಸ ಕಾಣುವುದಿಲ್ಲ, ಮನೆಯೂ ಮಣೆಯೂ ಒಂದೇ ಆಗುತ್ತವೆ. ಮುಂದಿನವರು ಲಕಾರ ಹುಡುಕಬೇಕೋ ಳಕಾರವೋ, ನಕಾರವೋ ಣಕಾರವೋ?

ಇನ್ನು ಯಾವ ಪದ ಒಪ್ಪಬೇಕು ಅನ್ನೋದು. ಒಂದೇ ನಿಘಂಟು ಆರಿಸಿಕೊಂಡು ಅದಕ್ಕೇ ನಿಲ್ಲಿ. ನಾವು ವಿ. ಕೃಷ್ಣ ಅವರ ‘ಅಲರ್’ ಇಟ್ಟುಕೊಂಡಿದ್ದೇವೆ. ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ, ಒಂದೂವರೆ ಲಕ್ಷ ಪದಗಳಿವೆ, ಅಂಪೈರ್ ಎರಡು ಸೆಕೆಂಡಿನಲ್ಲಿ ಹುಡುಕಬಹುದು. ಆದರೆ ಊರ ಕಡೆಯ ಮಾತು ನಿಘಂಟಿನಲ್ಲಿ ಇಲ್ಲ ಅಂತ ಔಟ್ ಕೊಡಬೇಡಿ. ನಿಮ್ಮ ಕಡೆ ಉಳ್ಳಾಗಡ್ಡಿ, ಮಂಗಳೂರು ಕಡೆ ನೀರುಳ್ಳಿ, ಬೆಂಗಳೂರಿನಲ್ಲಿ ಈರುಳ್ಳಿ. ಮೂರೂ ಕನ್ನಡವೇ ಅಲ್ವಾ? ಅಂಥ ಪದ ಬಂದಾಗ ಆ ಕಡೆಯ ಇನ್ನೊಬ್ಬರು ‘ಹೌದು, ನಮ್ಮಲ್ಲಿ ಹೀಗೇ ಅಂತೀವಿ’ ಅಂತ ಬರೆದರೆ ಸಾಕು, ಪದ ಪಾಸು.

ಪ್ರಶ್ನೆ: ಸೆಮಿಫೈನಲ್ ನಡೀತಿತ್ತು. ಮಳೆ ಬಂದು ಕರೆಂಟು ಹೋಯ್ತು, ಟವರೂ ಹೋಯ್ತು. ಆಡುತ್ತಿದ್ದ ಅಮ್ಮನಿಗೆ ಔಟ್ ಕೊಟ್ಟರು. ಇದು ನ್ಯಾಯವಾ?
– ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಇದೇ ಪ್ರಶ್ನೆ ಇಡೀ ಜಗತ್ತಿನ ಮುಂದೆ ಒಮ್ಮೆ ಬಂದಿತ್ತು. 2020ರಲ್ಲಿ ಕೊರೊನಾ ಕಾರಣಕ್ಕೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ, ಚೆಸ್ ಒಲಿಂಪಿಯಾಡನ್ನು ಆನ್‌ಲೈನಿನಲ್ಲಿ ನಡೆಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಭಾರತದ ಎದುರು ಆಡುತ್ತಿದ್ದ ಅರ್ಮೇನಿಯಾದ ಒಬ್ಬ ಆಟಗಾರನ ಸಂಪರ್ಕ ತಪ್ಪಿ ಆಟ ಹೋಯಿತು. ಅರ್ಮೇನಿಯಾ ಮೇಲ್ಮನವಿ ಹಾಕಿತು. ಅದು ತಿರಸ್ಕಾರವಾಯಿತು. ಅವರು ಟೂರ್ನಿಯಿಂದಲೇ ಹೊರನಡೆದರು. ಆಮೇಲೆ ಆಗಸ್ಟ್ 30ರಂದು ಭಾರತ–ರಷ್ಯಾ ಫೈನಲ್. ಮೊದಲ ಸುತ್ತು 3–3 ಸಮ. ಎರಡನೇ ಸುತ್ತಿನಲ್ಲಿ ನಮ್ಮ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕ ಕಡಿದು ಟೈಮ್ ಮುಗಿಯಿತು, ರಷ್ಯಾ ಗೆದ್ದಿತು. ಆದರೆ ಆ ದಿನ ಇಂಟರ್ನೆಟ್ ಕೈಕೊಟ್ಟದ್ದು ಜಗತ್ತಿನ ಹಲವು ದೇಶಗಳಲ್ಲಿ. ಭಾರತದ ಮೇಲ್ಮನವಿ ನೋಡಿದ ಮೇಲೆ ಫಿಡೆ ಅಧ್ಯಕ್ಷರು ಎರಡೂ ದೇಶಕ್ಕೆ ಚಿನ್ನ ಕೊಟ್ಟರು.

ಒಂದೇ ಟೂರ್ನಿ, ಮೂರು ದಿನದೊಳಗೆ ಎರಡು ಥರದ ತೀರ್ಪು. ಅರ್ಮೇನಿಯಾದವರಿಗೆ ಎಷ್ಟು ನೋವಾಗಿರಬೇಕು ಅಂತ ಭಾರತದವಳಾದ ನನಗೂ ಅನ್ನಿಸಿದೆ. ಅವತ್ತಿನಿಂದ ನಮ್ಮ ನಿಯಮ ಹೀಗಿದೆ: ಒಬ್ಬರ ನೆಟ್ ಹೋದರೆ ಒಂದು ಪಂದ್ಯಕ್ಕೆ ಒಂದೇ ಸಲ ಐದು ನಿಮಿಷ ಕಾಯುತ್ತೇವೆ, ಅಂಪೈರ್‌ಗೆ ಮಾಮೂಲಿ ಕಾಲ್ ಮಾಡಿ ಹೇಳಿದರೂ ಆಯ್ತು. ಒಂದೇ ಊರಿನ ಇಬ್ಬರದೋ, ಗ್ರೂಪಿನ ಅರ್ಧ ಜನರದೋ ಹೋದರೆ ಆ ಸುತ್ತು ರದ್ದು, ಮಾರನೇ ದಿನ ಮತ್ತೆ. ನಿಮ್ಮ ಅಮ್ಮನ ವಿಷಯದಲ್ಲಿ ಟವರೇ ಹೋಗಿದೆ. ನನ್ನ ಕೈಯಲ್ಲಿದ್ದಿದ್ದರೆ ಮತ್ತೆ ಆಡಿಸುತ್ತಿದ್ದೆ. ಮಲೆನಾಡಿನ ಮನೆಗಳಿರುವ ಗ್ರೂಪಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೂರ್ನಿ ಇಡದೇ ಇರುವುದು ಇನ್ನೂ ವಾಸಿ.

ಪ್ರಶ್ನೆ: ಒಬ್ಬರಿಗೆ ಎಷ್ಟು ಸೆಕೆಂಡು ಕೊಡಬೇಕು? ಹುಡುಗರು 20 ಸಾಕು ಅಂತಾರೆ.
– ಓದುಗರು, ಮೈಸೂರು

ಉತ್ತರ: ನಮ್ಮಲ್ಲಿ ಮೊದಲು 30 ಇತ್ತು. ದೊಡ್ಡಮ್ಮನಿಗೆ 74 ವರ್ಷ, ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾರೆ. ಅವತ್ತು ಅವರ ಎದುರಿಗೆ ‘ಪಾಠ’ ಬಂತು. ಠಕ್ಕ, ಠಾಣೆ, ಠರಾವು ಮೂರೂ ಆಗಲೇ ಮುಗಿದಿತ್ತು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ‘ಠೇವಣಿ’ ಅಂತ ಬಾಯಲ್ಲಿ ಥಟ್ಟನೆ ಹೇಳಿದರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಠ ಎಲ್ಲಿದೆ ಅಂತ ಕೀಲಿಮಣೆಯಲ್ಲಿ ಹುಡುಕಿದರು. ಟ ಒತ್ತಿ ಹಿಡಿದರು, ಅಳಿಸಿದರು, ಮತ್ತೆ ಹಿಡಿದರು. ‘ಠೇವ’ ಆಗುವ ಹೊತ್ತಿಗೆ ಟೈಮ್ ಬಿತ್ತು. ಔಟ್ ಅಂದೆವು. ಅವರು ಏನೂ ಅನ್ನಲಿಲ್ಲ, ಫೋನು ಟೇಬಲ್ ಮೇಲೆ ಮಗುಚಿ ಇಟ್ಟು ಒಳಗೆ ಹೋದರು. ಮುಂದಿನ ಎರಡು ಟೂರ್ನಿಗೆ ಹೆಸರು ಕೊಡಲಿಲ್ಲ.

ಪದ ಅವರಿಗೆ ಗೊತ್ತಿತ್ತು. ನಾವು ಅಳೆದದ್ದು ಬೆರಳಿನ ವೇಗವನ್ನು. ಈಗ 60 ವರ್ಷ ದಾಟಿದವರಿಗೆ 60 ಸೆಕೆಂಡು, ಉಳಿದವರಿಗೆ 40. ಹಿರಿಯರು ಬೇಕಾದರೆ ವಾಯ್ಸ್ ಮೆಸೇಜ್ ಕಳಿಸಬಹುದು, ಪದ ಒಂದೇ ಇರಬೇಕು, ಅಂಪೈರ್ ಅದನ್ನು ಬರೆದು ಹಾಕುತ್ತಾರೆ. ದೊಡ್ಡಮ್ಮ ಮತ್ತೆ ಬಂದಿದ್ದಾರೆ. ಹುಡುಗರಿಗೆ 20 ಸೆಕೆಂಡೇ ಬೇಕು ಅಂದರೆ ಅವರದೇ ಬೇರೆ ಪಂದ್ಯ ಇಡಿ, ದೊಡ್ಡವರ ಮೇಲೆ ಹೇರಬೇಡಿ.

ಪ್ರಶ್ನೆ: ಎಐಗೆ ಕೇಳಿ ಪದ ಹಾಕುವವರನ್ನು ಹಿಡಿಯೋದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ಹಿಡಿಯಲಿಕ್ಕೆ ಹೋಗಬೇಡಿ. 40 ಸೆಕೆಂಡಿನಲ್ಲಿ ಕೇಳಿ, ಓದಿ, ಬರೆದು ಹಾಕುವುದು ಒಂದೆರಡು ಸಲ ಆದೀತು, ಇಡೀ ಆಟಕ್ಕೆ ಆಗುವುದಿಲ್ಲ. ಒಂದು ನಿಯಮ ಇರಲಿ: ಹಾಕಿದ ಪದಕ್ಕೆ ಅರ್ಥ ಏನು ಅಂತ ಎದುರಿನವರು ಕೇಳಬಹುದು, ಒಂದು ಪಂದ್ಯಕ್ಕೆ ಎರಡು ಸಲ ಮಾತ್ರ. ತಾನೇ ಹಾಕಿದ ಪದದ ಅರ್ಥ ಗೊತ್ತಿಲ್ಲದಿದ್ದರೆ ಪಾಯಿಂಟ್ ಇಲ್ಲ. ಫೈನಲ್ ಮಾತ್ರ ವಿಡಿಯೊ ಕಾಲ್‌ನಲ್ಲಿ ಆಡಿಸಿ. ಸುಮ್ನೆ ಅನುಮಾನದ ಮೇಲೆ ಯಾರನ್ನೂ ಗ್ರೂಪಿನೆದುರು ಕಳ್ಳ ಅನ್ನಬೇಡಿ. ಆ ಮಾತು ವಾಪಸ್ ತಗೊಳ್ಳಲಿಕ್ಕೆ ಆಗುವುದಿಲ್ಲ.

ಪ್ರಶ್ನೆ: ತಲಾ ನೂರು ರೂಪಾಯಿ ಎಂಟ್ರಿ ಫೀ ಹಾಕಿ, ಗೆದ್ದವರಿಗೆ ಒಟ್ಟು ಹಣ ಕೊಡಬಹುದಾ?
– ಓದುಗರು, ತುಮಕೂರು

ಉತ್ತರ: ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದು ಅದೃಷ್ಟದ ಆಟವೋ ಜಾಣ್ಮೆಯ ಆಟವೋ ಅಂತ ನೋಡುವುದಿಲ್ಲ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಅಂತಿದೆ. ‘ಅಂತ್ಯಾಕ್ಷರಿ ಬುದ್ಧಿಯ ಆಟ’ ಅನ್ನೋ ವಾದ ಅಲ್ಲಿ ನಡೆಯುವುದಿಲ್ಲ. ಕಾನೂನು ಹಾಗಿರಲಿ, ನೂರು ರೂಪಾಯಿ ಹಾಕಿದ ಮೇಲೆ ಒಂದು ಒತ್ತಕ್ಷರಕ್ಕೂ ಜಗಳ ಆಗುತ್ತದೆ. ಗ್ರೂಪಿನಲ್ಲಿ ಯಾರಾದರೂ ಒಬ್ಬರು ಪ್ರೀತಿಯಿಂದ ಎರಡು ಕನ್ನಡ ಪುಸ್ತಕ ಕೊಡಿಸಲಿ. ನಮ್ಮಲ್ಲಿ ಹೋದ ಸಲದ ಬಹುಮಾನ ಒಂದು ಡಬ್ಬ ಕೋಡುಬಳೆ, ಕೊರಿಯರ್‌ನಲ್ಲಿ ಕಳಿಸಿದ್ದೆವು.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಹೋದ ವರ್ಷ ನವೆಂಬರ್‌ನಲ್ಲಿ ಒಂದು ಗಂಟೆ ತಡವಾಗಿ ಬಂದೆ, ವಾಕ್‌ಓವರ್ ಕೊಟ್ಟರು. ತಪ್ಪು ನನ್ನದಾ?
– ಓದುಗರು, ಸ್ಯಾನ್ ಹೋಸೆ

ಉತ್ತರ: ತಪ್ಪು ನೋಟಿಸಿನದು. ನಿಮ್ಮಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನಮ್ಮಲ್ಲಿ ಹೋಗುವುದಿಲ್ಲ. ಇಲ್ಲಿಯ ರಾತ್ರಿ 9 ಅಂದರೆ ಆ ಭಾನುವಾರದ ಮುಂಚೆ ನಿಮಗೆ ಬೆಳಿಗ್ಗೆ ಎಂಟೂವರೆ, ಆಮೇಲೆ ಏಳೂವರೆ. ನೀವು ಹಳೇ ಲೆಕ್ಕದಲ್ಲಿ ಎಂಟೂವರೆಗೆ ಬಂದಿದ್ದೀರಿ. ನಮ್ಮ ರಾಜ್ಯೋತ್ಸವ ಸರಿಯಾಗಿ ಅದೇ ವಾರದ ಆಸುಪಾಸು ಬೀಳುವುದರಿಂದ ಹೊರದೇಶದವರಿರುವ ಗ್ರೂಪುಗಳಲ್ಲಿ ಈ ಗೊಂದಲ ಆಗುತ್ತಲೇ ಇರುತ್ತದೆ. ಈ ಸಲ ನೋಟಿಸಿನಲ್ಲಿ ಭಾರತದ ಗಂಟೆಯ ಪಕ್ಕದಲ್ಲೇ ಅಮೆರಿಕದ ಗಂಟೆ, ದುಬೈ ಗಂಟೆ ಬರೆಯಲು ನಿಮ್ಮ ಅಡ್ಮಿನ್‌ಗೆ ಹೇಳಿ. ದುಬೈ ವರ್ಷಪೂರ್ತಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಬದಲಾವಣೆ ಇಲ್ಲ. ವಾಕ್‌ಓವರ್ ಕೊಡುವ ಮುಂಚೆ 15 ನಿಮಿಷ ಕಾದು, ಒಂದು ಫೋನ್ ಮಾಡಿ ನೋಡುವುದನ್ನೂ ನಿಯಮಕ್ಕೆ ಸೇರಿಸಲಿ.