ಕಲಬುರಗಿಯಿಂದ ಹಾನ್ಲೆ ವೀಕ್ಷಣಾಲಯಕ್ಕೆ ಹೋಗುವವರು ಏನು ತಯಾರಿ ಮಾಡಿಕೊಳ್ಳಬೇಕು?

ಸೆಪ್ಟೆಂಬರಿನಲ್ಲಿ ನಾಲ್ವರು ಗೆಳೆಯರು ಲಡಾಖಿನ ಹಾನ್ಲೆಗೆ ಹೊರಟಿದ್ದೀರಿ. ಅಲ್ಲಿನ ಎರಡು ಮೀಟರ್ ಅಗಲದ ಕನ್ನಡಿಯ ದುರ್ಬೀನಿನಲ್ಲಿ ಗ್ರಹ ನೋಡಲು ಬಿಡುತ್ತಾರಾ, ಚಳಿ ಮತ್ತು ಊಟ ಹೇಗೆ, ಪ್ರಾಣಿ ಪಕ್ಷಿ ಏನು ಕಾಣುತ್ತವೆ ಅಂತ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ: ಇಲ್ಲ. ಆ ದುರ್ಬೀನು, ಅಂದರೆ ಹಿಮಾಲಯನ್ ಚಂದ್ರ ದೂರದರ್ಶಕ, ಕಣ್ಣಿಟ್ಟು ನೋಡುವಂಥದ್ದಲ್ಲ. ಅದರೊಳಗೆ ಬಿದ್ದ ಬೆಳಕು ನೇರ ಕ್ಯಾಮೆರಾಕ್ಕೋ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತಮಾಪಕಕ್ಕೋ ಹೋಗುತ್ತದೆ. ಅದನ್ನು ನಡೆಸುವವರು ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ವಿಜ್ಞಾನಿ ಹೊಸಕೋಟೆಯಲ್ಲಿ, ಗುಡ್ಡ ಹತ್ತುವವರು ನೀವು! ಹಗಲು ಹೊತ್ತು ಹೋಗಿ ಹೊರಗಿನಿಂದ ನೋಡಿ ಬರಬಹುದು. ರಾತ್ರಿ ಆಕಾಶ ತೋರಿಸಲು ತರಬೇತಿ ಪಡೆದ ಊರಿನ ಯುವಕ ಯುವತಿಯರೇ ಇದ್ದಾರೆ, ಅವರ ಹತ್ತಿರ ದುರ್ಬೀನುಗಳೂ ಇವೆ. ಹೋಂಸ್ಟೇ ಹಿಡಿಯುವಾಗಲೇ ಅದನ್ನು ಕೇಳಿಕೊಳ್ಳಿ.

ಇನ್ನು ದೇಹದ ಮಾತು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್, ಹಾನ್ಲೆಯ ವೀಕ್ಷಣಾಲಯ 4,500 ಮೀಟರ್. ಹೆಚ್ಚುಕಡಿಮೆ ಹತ್ತು ಪಟ್ಟು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ಕ್ಕಿಂತ ಕಡಿಮೆ, ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ನಕ್ಷತ್ರ ಅಷ್ಟು ನಿಚ್ಚಳ ಕಾಣುವುದಕ್ಕೂ ನಿಮಗೆ ತಲೆನೋವು ಬರುವುದಕ್ಕೂ ಕಾರಣ ಆ ತೆಳು, ಒಣ ಗಾಳಿಯೇ. ಮೇ ತಿಂಗಳ ಬಿಸಿಲಲ್ಲಿ ಬೆಂದು ಗಟ್ಟಿಯಾಗಿದ್ದೇವೆ ಅನ್ನುವ ನಮ್ಮ ಕಡೆಯವರ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ನೋಡ್ರಿ. ಎತ್ತರದ ಲೆಕ್ಕವೇ ಬೇರೆ, ಪೈಲ್ವಾನರೂ ಮಲಗುತ್ತಾರೆ.

ದಿಲ್ಲಿಯಿಂದ ವಿಮಾನದಲ್ಲಿ ಲೇಹ್‌ಗೆ ಇಳಿದರೆ ಒಂದೇ ಏಟಿಗೆ 3,500 ಮೀಟರ್. ಅಲ್ಲಿ ಪೂರ್ತಿ ಮೂರು ರಾತ್ರಿ ಇರಿ. ಮೊದಲ ದಿನ ಏನೂ ಮಾಡಬೇಡಿ, ಮಾರ್ಕೆಟ್ ಕೂಡ ಬೇಡ. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಗುಳಿಗೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲದಂತೆ, ಹತ್ತುವ ಹಿಂದಿನ ದಿನದಿಂದ ಶುರು ಮಾಡಿಸುತ್ತಾರೆ. ಆದರೆ ಸಲ್ಫಾ ಔಷಧ ಒಗ್ಗದವರಿಗೆ ಅದು ಅಪಾಯವಾಗಬಹುದು, ಊರಲ್ಲೇ ಡಾಕ್ಟರ್‌ಗೆ ತೋರಿಸಿ ತಗೊಳ್ಳಿ. ತಲೆನೋವು ಇದ್ದಾಗ ಇನ್ನೂ ಮೇಲಕ್ಕೆ ಹೋಗಿ ಮಲಗಬಾರದು. ಕೂತಲ್ಲೇ ಏದುಸಿರು, ನೊರೆ ಬರುವ ಕೆಮ್ಮು, ಕುಡಿದವರಂತೆ ತಡವರಿಸುವ ನಡಿಗೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆ ಕ್ಷಣವೇ ಕೆಳಗಿಳಿಸಿ. ಆಕ್ಸಿಜನ್ ಡಬ್ಬಿ ಕೆಲವು ನಿಮಿಷ ತಡೆಯುತ್ತದೆ, ಅಷ್ಟೇ. ಹಾನ್ಲೆ ಮುಟ್ಟಿದ ಮರುದಿನವೇ 5,798 ಮೀಟರಿನ ಉಮ್ಲಿಂಗ್ ಲಾ ಎಂಬ ಘಾಟಿಗೆ ಗಾಡಿ ಓಡಿಸುವ ಹುಚ್ಚು ಬಹಳ ಜನಕ್ಕಿದೆ. ನನ್ನ ಕೇಳಿದರೆ ಅದನ್ನು ಪಟ್ಟಿಯಿಂದಲೇ ತೆಗೆಯಿರಿ.

ಊಟದ ವಿಷಯ. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಉಕ್ಕುಕ್ಕಿ ಕುದಿಯುವುದು ಕಾಣುತ್ತದೆ, ಆದರೆ ಅದರಲ್ಲಿ ನಮ್ಮ ತೊಗರಿಬ್ಯಾಳಿ ಹಾಕಿ ಎಷ್ಟು ಹೊತ್ತು ಕೂತರೂ ಒಳಗಿನ ಗಟ್ಟಿ ಹೋಗುವುದಿಲ್ಲ. ಉರಿ ಜಾಸ್ತಿ ಮಾಡಿದರೆ ನೀರು ಬತ್ತುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ಕುಕ್ಕರ್ ಬೇಕೇ ಬೇಕು. ಅದರಲ್ಲೂ ಕೆಳಗೆ 120 ಡಿಗ್ರಿ ಮುಟ್ಟುವುದು ಅಲ್ಲಿ 113ರ ಆಸುಪಾಸಿಗೆ ನಿಲ್ಲುತ್ತದೆ, ಹಾಗಾಗಿ ಬ್ಯಾಳಿ ಒಂದು ತಾಸು ನೆನೆಸಿ, ಸೀಟಿ ಎರಡಿದ್ದರೆ ನಾಲ್ಕು ಮಾಡಿ. ಇದಕ್ಕಿಂತ ಸುಲಭ, ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ಒಯ್ಯಿರಿ. ಒಣ ಗಾಳಿಗೆ ರೊಟ್ಟಿ ಮೆತ್ತಗಾಗುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಬ್ಯಾಗಿಗೆ ತುರುಕಿದರೆ ಪುಡಿ, ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡಿ. ಉಪ್ಪಿನಕಾಯಿ ಬಾಟಲಿ ಕಂಠದವರೆಗೆ ತುಂಬಬೇಡಿ: ಹೊರಗಿನ ಒತ್ತಡ ಇಳಿದಂತೆ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರಗೆ ನೂಕುತ್ತದೆ, ಬಟ್ಟೆಯೆಲ್ಲ ಕೆಂಪು. ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿರುವುದನ್ನು ದಾರಿಯಲ್ಲೇ ನೋಡುತ್ತೀರಿ.

ಸೆಪ್ಟೆಂಬರಿನ ಹಗಲು ಹಿತ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಕ್ಯಾಮೆರಾ ಬ್ಯಾಟರಿ ಬೇಗ ಬಸವಳಿಯುತ್ತದೆ. ಎರಡನೆಯದನ್ನು ಅಂಗಿಯ ಒಳಜೇಬಿನಲ್ಲಿಟ್ಟು ಅದಲು ಬದಲು ಮಾಡಿ. ಕೋಣೆಗೆ ಬರುವ ಮುಂಚೆ, ಹೊರಗೇ ನಿಂತು, ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಹಾಗೇ ತಂದರೆ ಕೋಣೆಯ ಉಸಿರಿನ ತೇವವೆಲ್ಲ ಲೆನ್ಸ್ ಮೇಲೆ ಕೂರುತ್ತದೆ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಗಡಿ ಪ್ರದೇಶ, ಪರವಾನಗಿ ನಿಯಮ ಬದಲಾಗುತ್ತಿರುತ್ತದೆ. ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಬೆಳಕಿನ ಶಿಸ್ತು ಮಾತ್ರ ಮರೆಯಬೇಡಿ. 2022ರಲ್ಲಿ ಸುತ್ತಲಿನ 1,073 ಚದರ ಕಿಲೋಮೀಟರ್ ಜಾಗವನ್ನು ಕತ್ತಲ ಆಕಾಶದ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದಾರೆ. ಕಿಟಕಿಗೆ ದಪ್ಪ ಪರದೆ, ಗಾಡಿಗೆ ಹೈಬೀಮ್ ಬೇಡ, ಕೈಯಲ್ಲಿ ಕೆಂಪು ಬೆಳಕಿನ ಟಾರ್ಚ್. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಮೊಬೈಲ್ ಪರದೆ ಸಾಕು ಅದನ್ನು ಕೆಡಿಸಲು.

ಪ್ರಾಣಿಗಳಲ್ಲಿ ಕಿಯಾಂಗ್ ಎಂಬ ಕಾಡುಕತ್ತೆ ಸಿಕ್ಕೇ ಸಿಗುತ್ತದೆ. ಬೀದರ್ ಕಡೆ ಹೊಲದಲ್ಲಿ ಕೃಷ್ಣಮೃಗ ನೋಡಿದವರಿಗೆ ಗೊತ್ತು, ಬಯಲು ಪ್ರಾಣಿ ದೂರದಿಂದಲೇ ನಿಮ್ಮನ್ನು ಅಳೆಯುತ್ತದೆ, ಕಿಯಾಂಗೂ ಹಾಗೆಯೇ. ಗಾಡಿಯಲ್ಲಿ ಬೆನ್ನಟ್ಟಬೇಡಿ, ಆ ಗಾಳಿಯಲ್ಲಿ ಓಡುವುದು ಅದಕ್ಕೂ ದುಬಾರಿ. ಹಾನ್ಲೆ ಹೊಳೆಯ ಜೌಗಿನಲ್ಲಿ ಕಪ್ಪು ಕತ್ತಿನ ಕೊಕ್ಕರೆ ಮರಿ ಮಾಡುತ್ತದೆ. ಸೆಪ್ಟೆಂಬರಿನಲ್ಲಿ ಮರಿಗಳು ಜೊತೆಗಿರಬಹುದು. ಅವುಗಳ ದೊಡ್ಡ ವೈರಿ ಬೀದಿನಾಯಿ, ಮೊಟ್ಟೆ ಮರಿ ಎರಡನ್ನೂ ತಿನ್ನುತ್ತದೆ. ಹಾಗಾಗಿ ಉಳಿದ ಅನ್ನವನ್ನು ನಾಯಿಗೆ ಹಾಕುವ ನಮ್ಮ ಪುಣ್ಯದ ಕೆಲಸ ಅಲ್ಲಿ ಪಾಪ. ಬಿಲದಲ್ಲಿರುವ ದಪ್ಪ ಅಳಿಲಿನಂಥ ಮಾರ್ಮೊಟ್‌ಗೆ ಬಿಸ್ಕೀಟೂ ಬೇಡ.

ಅಮಾವಾಸ್ಯೆಯ ಆಚೀಚೆ ನಾಲ್ಕು ದಿನ ಹಿಡಿಯಿರಿ. ಸೆಪ್ಟೆಂಬರ್ ಮಧ್ಯದಲ್ಲಿ ಎಂಟರ ಹೊತ್ತಿಗೆ ಪೂರ್ತಿ ಕತ್ತಲು, ಹತ್ತರ ನಂತರ ಆಕಾಶಗಂಗೆಯ ನಡುಭಾಗ ಗುಡ್ಡದ ಹಿಂದೆ. ಆ ಎರಡು ತಾಸು ಊಟಕ್ಕೆ ಕೂರಬೇಡಿ. ಬೆಳಗಿನ ಜಾವ ಪೂರ್ವದಲ್ಲಿ ಗೋಪುರದಂತೆ ಏಳುವ ಮಸುಕು ಬೆಳಕು ಮುಂಜಾವಲ್ಲ, ಸೂರ್ಯನ ಸುತ್ತಲಿನ ಧೂಳು ಹೊಳೆಯುವುದು.

ಒಂದು ಮಾತು ಯಾರೂ ಹೇಳುವುದಿಲ್ಲ: ಹಾನ್ಲೆ 33 ಡಿಗ್ರಿ ಅಕ್ಷಾಂಶದಲ್ಲಿದೆ, ನಾವು 17ರಲ್ಲಿ. ದಕ್ಷಿಣದ ಅಗಸ್ತ್ಯ ನಕ್ಷತ್ರ ಅಲ್ಲಿ ದಿಗಂತದಿಂದ ಹೆಚ್ಚೆಂದರೆ 4-5 ಡಿಗ್ರಿ ಏರುತ್ತದೆ, ಎದುರಿಗೆ ಗುಡ್ಡವಿದ್ದರೆ ಅದೂ ಇಲ್ಲ. ಚಿಂಚೋಳಿ ಕಡೆಯ ಹೊಲದಲ್ಲಿ ನಿಂತರೆ ಅದೇ ಅಗಸ್ತ್ಯ 20 ಡಿಗ್ರಿ ಮೇಲೆ. ಅದಕ್ಕೆ ಜನವರಿ, ಫೆಬ್ರವರಿಯ ರಾತ್ರಿ ಸಾಕು.