ಮನೆಯಲ್ಲಿ ಯಾರಿಗೂ ಫ್ರೆಂಚ್ ಬಾರದು, ಮಗನನ್ನು ಸೇರಿಸಲೇ?

ಪ್ರಶ್ನೆ: ನಾವು ಟೊರೊಂಟೊದ ಸ್ಕಾರ್ಬರೋದಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಮಗನಿಗೆ ನಾಲ್ಕೂವರೆ ವರ್ಷ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್‌ನಲ್ಲಿದ್ದಾನೆ. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತನಾಡುತ್ತಾನೆ, ತರಗತಿಯಲ್ಲಿ ಮಾತ್ರ ಮಾತು ಕಡಿಮೆ ಎಂದು ಟೀಚರ್ ಹೇಳುತ್ತಾರೆ. ಮೊನ್ನೆ ಶಾಲಾ ಮಂಡಳಿಯಿಂದ ಇಮೇಲ್ ಬಂದಾಗಲೇ ನನ್ನ ಪತಿ ನನಗೆ ತಿಳಿಸದೆ ಫ್ರೆಂಚ್ ಇಮ್ಮರ್ಶನ್‌ಗೆ, ಅಂದರೆ ಪಾಠವನ್ನು ಫ್ರೆಂಚಿನಲ್ಲೇ ಹೇಳಿಕೊಡುವ ತರಗತಿಗೆ, ಅರ್ಜಿ ಹಾಕಿದ್ದು ಗೊತ್ತಾಯಿತು. ಸೆಪ್ಟೆಂಬರ್‌ನಿಂದ ಬೇರೊಂದು ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ನಮ್ಮಿಬ್ಬರಿಗೂ ಫ್ರೆಂಚ್ ಬಾರದು. ಹಾಸನದಲ್ಲಿರುವ ಅತ್ತೆಯವರು, ‘ಇನ್ನು ನನ್ನ ಮೊಮ್ಮಗ ನನ್ನ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತಾನೆ?’ ಎಂದು ಕೇಳುತ್ತಿದ್ದಾರೆ. ನಾನು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಇಂಗ್ಲಿಷ್ ಪಾಠ ಅರ್ಥವಾಗದೆ ಹಾಸ್ಟೆಲಿನಲ್ಲಿ ಅತ್ತದ್ದು ಇಂದಿಗೂ ನೆನಪಿದೆ. ಆ ಭಯವನ್ನು ಹೇಳಿಕೊಂಡರೆ ಪತಿ, ‘ಕನ್ನಡ ಮೀಡಿಯಂನವರಿಗೆ ಎಲ್ಲದಕ್ಕೂ ಭಯ’ ಎಂದುಬಿಟ್ಟರು. ಅವರು ಬೆಂಗಳೂರಿನಲ್ಲಿ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮಾಧ್ಯಮ. ನಾನು ಒಪ್ಪಲೇ, ಬೇಡವೆನ್ನಲೇ?
(ಹೆಸರು ಬೇಡ, ಟೊರೊಂಟೊ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫ್ರೆಂಚ್ ಬಗ್ಗೆ ಬರೆದಿದ್ದೀರಿ, ಆದರೆ ನೋವು ಇರುವುದು ಕೊನೆಯಲ್ಲಿ ಬರೆದ ನಿಮ್ಮ ಪತಿಯ ಆ ಮಾತಿನಲ್ಲಿ. ಅದಕ್ಕೆ ಬರುತ್ತೇನೆ. ಇಮೇಲ್‌ಗೆ ಉತ್ತರಿಸಲು ಗಡುವು ಇದ್ದೇ ಇರುತ್ತದೆ, ಆದ್ದರಿಂದ ಮೊದಲು ಶಾಲೆಯ ವಿಷಯ.

ನನ್ನ ಒಲವು ಕಳುಹಿಸುವ ಕಡೆಗೇ ಇದೆ. ಬಸ್ ಪ್ರಯಾಣ ಆ ವಯಸ್ಸಿಗೆ ಸಹಿಸುವಂತಿರಬೇಕು, ಅದೊಂದೇ ನನ್ನ ಷರತ್ತು. ಆದರೆ ನಿಮ್ಮ ಪತಿ ಕೊಡುವ ಕಾರಣಗಳಿಗಾಗಿ ಕಳುಹಿಸಿ ಎನ್ನುತ್ತಿಲ್ಲ.

ನಿಮ್ಮ ಪಿಯುಸಿ ತರಗತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ನಿಮಗೆ ಹದಿನಾರು. ಎದುರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಮುಂದೆ ಪರೀಕ್ಷೆ. ಪಕ್ಕದ ಬೆಂಚಿನಲ್ಲಿ ಇಂಗ್ಲಿಷ್ ಮಾಧ್ಯಮದಿಂದ ಬಂದವರು ತಟಪಟನೆ ಉತ್ತರ ಹೇಳುತ್ತಿದ್ದರು, ಉಪನ್ಯಾಸಕರು ಅವರ ಮುಖ ನೋಡಿಕೊಂಡೇ ಪಾಠ ಮುಂದುವರಿಸುತ್ತಿದ್ದರು. ನಿಮಗೆ ಬಾರದ್ದು ಅವರಿಗೆ ಬರುತ್ತಿತ್ತು ಎನ್ನುವುದೇ ಅಲ್ಲಿನ ಅವಮಾನ. ಇಮ್ಮರ್ಶನ್ ತರಗತಿಯಲ್ಲಿ ಈ ಏರುಪೇರು ಇಲ್ಲ. ಅಲ್ಲಿಗೆ ಬರುವ ಐದು ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ ಯಾರಿಗೂ ಫ್ರೆಂಚ್ ಬಾರದು, ಎಲ್ಲರೂ ಸೊನ್ನೆಯಿಂದಲೇ ಶುರು. ಟೀಚರ್ ಫ್ರೆಂಚಿನಲ್ಲೇ ಮಾತನಾಡುತ್ತಾರೆ, ಆದರೆ ಮಗು ಇಂಗ್ಲಿಷಿನಲ್ಲಿ ‘ಬಾತ್‌ರೂಮ್’ ಎಂದರೆ ಅವರಿಗೆ ಅರ್ಥವಾಗುತ್ತದೆ. ಹಾಡು, ಚಿತ್ರ, ಕೈಸನ್ನೆ, ದಿನವೂ ಅದೇ ಕ್ರಮದಲ್ಲಿ ಅದೇ ಮಾತುಗಳು. ಮಕ್ಕಳು ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ.

ನೀವು ಅದನ್ನು ಫ್ರೆಂಚ್ ಶಾಲೆ ಎಂದು ಭಾವಿಸಿದ್ದರೆ ಅದೂ ಅಲ್ಲ. ಫ್ರೆಂಚ್ ಭಾಷಿಕರ ಮಕ್ಕಳಿಗಾಗಿ ನಿಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಬೇರೆಯೇ ಶಾಲಾ ಮಂಡಳಿಗಳಿವೆ. ಕೆನಡಾ ಸಂವಿಧಾನದ 1982ರ ಹಕ್ಕುಗಳ ಸನ್ನದಿನ 23ನೇ ವಿಧಿ ಅವರಿಗೆ ಆ ಹಕ್ಕನ್ನು ಕೊಟ್ಟಿದೆ. ಇಮ್ಮರ್ಶನ್ ಎನ್ನುವುದು ಇಂಗ್ಲಿಷ್ ಮಂಡಳಿಯೇ, ಫ್ರೆಂಚ್ ಬಾರದ ಮನೆಗಳ ಮಕ್ಕಳಿಗಾಗಿ ನಡೆಸುವ ಏರ್ಪಾಡು. ಇದರ ಹುಟ್ಟೂ ಅಂಥ ಮನೆಗಳಲ್ಲೇ ಇದೆ. ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮಾತನಾಡುವ ಕೆಲವು ಪೋಷಕರು, ಸುತ್ತಲೂ ಫ್ರೆಂಚ್ ಇದ್ದರೂ ತಮ್ಮ ಮಕ್ಕಳಿಗೆ ಶಾಲೆಯಿಂದ ಅದು ಬರುತ್ತಿಲ್ಲವಲ್ಲ ಎಂದು ಮಂಡಳಿಯ ಬೆನ್ನು ಹತ್ತಿ, 1965ರಲ್ಲಿ ಮೊದಲ ಕಿಂಡರ್‌ಗಾರ್ಟನ್ ತರಗತಿಯನ್ನು ತೆರೆಸಿದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದರು. ಇಂಗ್ಲಿಷ್ ಓದು, ಕಾಗುಣಿತದಲ್ಲಿ ಮೊದಮೊದಲು ಹಿಂದೆ ಬಿದ್ದವರು ಇಂಗ್ಲಿಷ್ ಪಾಠ ಶುರುವಾದ ಮೇಲೆ ಉಳಿದವರ ಸಮಕ್ಕೆ ಬಂದರು. ಆಮೇಲೆ ಬೇರೆ ಕಡೆ ನಡೆದ ಅಧ್ಯಯನಗಳಲ್ಲೂ ಹೆಚ್ಚಾಗಿ ಇದೇ ಕಂಡಿದೆ.

ಹಾಗಾಗಿ ‘ನಮ್ಮಿಬ್ಬರಿಗೂ ಬಾರದು’ ಎಂಬ ಸಂಕೋಚವನ್ನು ಬಿಡಿ. ಮನೆಯಲ್ಲಿ ಫ್ರೆಂಚ್ ಹೇಳಿಕೊಡುವವರು ಯಾರೂ ಇಲ್ಲ ಎಂದು ತಿಳಿದೇ ಈ ವ್ಯವಸ್ಥೆಯನ್ನು ಕಟ್ಟಿದ್ದಾರೆ. ಮೊದಲ ವರ್ಷಗಳ ಮನೆಗೆಲಸ ತೀರಾ ಸಣ್ಣದು. ಪುಟ್ಟ ಪುಸ್ತಕವೊಂದನ್ನು ಅವನು ಓದಿದರೆ ನೀವು ಕೇಳಿಸಿಕೊಳ್ಳಬೇಕು, ಉಚ್ಚಾರ ಸರಿಯೇ ಎಂದು ನೀವು ತೀರ್ಪು ಕೊಡಬೇಕಾಗಿಲ್ಲ.

ಇನ್ನು ಅತ್ತೆಯವರ ಪ್ರಶ್ನೆ. ಅವರ ಆತಂಕ ನಿಜವಾದದ್ದು, ಆದರೆ ಬೆರಳು ತೋರಿಸಿದ ದಿಕ್ಕು ತಪ್ಪು. ಶಾಲೆಯ ಆರು ಗಂಟೆ ಎಂದೂ ಕನ್ನಡದ್ದಾಗಿರಲಿಲ್ಲ. ಫ್ರೆಂಚ್ ಈಗ ಕಿತ್ತುಕೊಳ್ಳುತ್ತಿರುವುದು ಇಂಗ್ಲಿಷಿನ ಜಾಗವನ್ನು. ವಿದೇಶದ ನಮ್ಮ ಮನೆಗಳಲ್ಲಿ ಕನ್ನಡವನ್ನು ತಿಂದುಹಾಕುವುದು ಇಂಗ್ಲಿಷ್: ಟೀವಿಯಿಂದ, ಆಟದ ಮೈದಾನದಿಂದ, ಎರಡನೆಯ ಮಗು ಹುಟ್ಟಿ ಮಕ್ಕಳಿಬ್ಬರೂ ತಮ್ಮತಮ್ಮಲ್ಲಿ ಮಾತನಾಡತೊಡಗಿದಾಗ. ಇಮ್ಮರ್ಶನ್‌ಗೆ ಸೇರಿಸಿದ ನಮ್ಮವರಲ್ಲಿ ನಾನು ಕಂಡಿರುವ ನಿಜವಾದ ಅಪಾಯ ಬೇರೆ. ‘ಶಾಲೆಯಲ್ಲಿ ಇಂಗ್ಲಿಷ್ ಇಲ್ಲವಲ್ಲ, ಹಿಂದೆ ಬಿದ್ದಾನು’ ಎಂದು ಗಾಬರಿಬಿದ್ದು ಅಡುಗೆಮನೆಯಲ್ಲೂ ಇಂಗ್ಲಿಷ್ ಶುರು ಮಾಡುತ್ತಾರೆ. ಟೊರೊಂಟೊದ ಮಂಡಳಿಯಲ್ಲಿ ಮೂರನೇ ತರಗತಿಯ ತನಕ ಪಾಠವೆಲ್ಲ ಫ್ರೆಂಚಿನಲ್ಲಿ, ನಾಲ್ಕರಲ್ಲಿ ಇಂಗ್ಲಿಷ್ ಪಾಠ ಸೇರಿಕೊಳ್ಳುತ್ತದೆ. ಈ ನಡುವಿನ ವರ್ಷಗಳಲ್ಲಿ ಪೋಷಕರ ಧೈರ್ಯ ಕುಸಿಯುತ್ತದೆ, ಬಲಿಯಾಗುವುದು ಮಾತ್ರ ಕನ್ನಡ. ಸ್ಕಾರ್ಬರೋದಲ್ಲಿ ಬೆಳೆಯುವ ಹುಡುಗನಿಗೆ ಇಂಗ್ಲಿಷ್ ಬಾರದೇ ಹೋಗುವುದು ಅಷ್ಟು ಸುಲಭವಲ್ಲ. ನೀವು ಮನೆಯ ಮಾತನ್ನು ಕನ್ನಡದಲ್ಲೇ ಇಡಿ. ರಾತ್ರಿ ಓದಿ ಹೇಳುವ ಕಥೆ ಕನ್ನಡದ್ದೂ ಇರಲಿ, ಇಂಗ್ಲಿಷಿನದೂ ಇರಲಿ. ಅಜ್ಜಿಗೆ ವಿಡಿಯೋ ಕರೆಯಲ್ಲಿ ‘ಊಟ ಆಯ್ತಾ’ದಷ್ಟಕ್ಕೆ ಮುಗಿಸದೆ ಒಂದು ಕಥೆ ಹೇಳಲು ಕೇಳಿಕೊಳ್ಳಿ. ಮೊಮ್ಮಗನ ಕನ್ನಡ ಉಳಿಸುವ ಕೆಲಸದಲ್ಲಿ ಅವರಿಗೂ ಪಾಲು ಸಿಗುತ್ತದೆ, ದೂರಲು ಸಮಯವೂ ಸಿಗುವುದಿಲ್ಲ.

ತರಗತಿಯಲ್ಲಿ ಮಾತು ಕಡಿಮೆ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ನೀವೇ ಉತ್ತರ ಬರೆದಿದ್ದೀರಿ. ಮನೆಯಲ್ಲಿ ಉದ್ದುದ್ದ ವಾಕ್ಯಗಳಲ್ಲಿ ಮಾತನಾಡುವ ಮಗು ಹೊಸ ಭಾಷೆಯ ಎದುರು ಕೆಲಕಾಲ ಮೌನವಾಗಿರುವುದು ತುಂಬಾ ಸಾಮಾನ್ಯ. ಕನ್ನಡದಲ್ಲೇ ಮಾತು ತೊದಲುತ್ತಿದ್ದರೆ, ವಾಕ್ಯ ಕೂಡಿಸಲು ಬಾರದಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ, ಮಾತಿನ ತಜ್ಞರನ್ನು ಕಾಣಿ ಎನ್ನುತ್ತಿದ್ದೆ. ಒಂದು ಎಚ್ಚರಿಕೆಯನ್ನು ಮುಂದಿನ ವರ್ಷಗಳಿಗೆ ಇಟ್ಟುಕೊಳ್ಳಿ. ಓದು ಹಿಡಿಯದ ಮಗುವಿನ ಪೋಷಕರಿಗೆ ‘ಇಂಗ್ಲಿಷ್ ಶುರುವಾಗಲಿ, ಸರಿಹೋಗುತ್ತದೆ’ ಎನ್ನುವವರು ಸಿಗುತ್ತಾರೆ. ಕಾಯಬೇಡಿ. ಅಕ್ಷರಕ್ಕೂ ಧ್ವನಿಗೂ ನಂಟು ಕೂಡುತ್ತಿಲ್ಲ ಎನ್ನುವುದು ಯಾವ ಭಾಷೆಯಲ್ಲಾದರೂ ಬೇಗ ಗೊತ್ತಾಗುತ್ತದೆ, ಒಂದನೇ ತರಗತಿಯಲ್ಲೇ ಮೌಲ್ಯಮಾಪನ ಕೇಳಿ. ಕಷ್ಟವಿರುವ ಮಕ್ಕಳನ್ನು ಇಮ್ಮರ್ಶನ್‌ನಿಂದ ಮೆಲ್ಲಗೆ ಹೊರಗೆ ಸರಿಸಿಬಿಡುತ್ತಾರೆ ಎಂಬ ಆಕ್ಷೇಪ ಕೆನಡಾದಲ್ಲಿ ಹಳೆಯದು. ಅದರಲ್ಲಿ ಹುರುಳಿದೆ.

ಹುರುಳಿರುವ ಇನ್ನೊಂದು ಆಕ್ಷೇಪ ನಿಮ್ಮ ಪತಿಗೆ ಅಷ್ಟು ಇಷ್ಟವಾಗಲಾರದು. ಅರ್ಜಿ, ಗಡುವು, ಬಸ್ಸು ಎಲ್ಲವನ್ನೂ ನಿಭಾಯಿಸಬಲ್ಲ ಮನೆಗಳ ಮಕ್ಕಳೇ ಅಲ್ಲಿ ಒಟ್ಟಾಗುತ್ತಾರೆ. ಸರ್ಕಾರಿ ಶಾಲೆಯೊಳಗೊಂದು ಖಾಸಗಿ ಶಾಲೆ ಎಂದು ಅಲ್ಲಿನವರೇ ಟೀಕಿಸುತ್ತಾರೆ. ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಇಮ್ಮರ್ಶನ್ ಸಿಕ್ಕಿತು’ ಎಂದು ಹಾಕುವುದರ ಸುಖವೂ ಇದರಲ್ಲಿ ಸೇರಿದೆಯೇ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಬಹುದು. ಮುಂದೆ ಕೇಂದ್ರ ಸರ್ಕಾರದ ಕೆಲಸ ಸಿಗುತ್ತದೆ ಎಂಬ ಲೆಕ್ಕವಿದ್ದರೆ, ನಾಲ್ಕೂವರೆ ವರ್ಷದವನ ನೌಕರಿಯ ಚಿಂತೆಯನ್ನು ಸ್ವಲ್ಪ ಮುಂದೂಡುವುದು ಒಳ್ಳೆಯದು. ದ್ವಿಭಾಷಾ ಹುದ್ದೆಗಳು ರಾಜಧಾನಿ ಒಟ್ಟಾವಾದಲ್ಲಿ ಬೇಕಾದಷ್ಟಿವೆ, ನಿಜ. ಆದರೆ 2021ರ ಜನಗಣತಿಯ ಪ್ರಕಾರ ಫ್ರೆಂಚ್ ಭಾಷಿಕರ ಪ್ರಾಂತ್ಯವಾದ ಕ್ವಿಬೆಕ್‌ನ ಹೊರಗೆ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಮಾತುಕತೆ ನಡೆಸಬಲ್ಲವರು ಶೇ 10ಕ್ಕಿಂತ ಕಡಿಮೆ. ನಿಮ್ಮ ಬೀದಿಯಲ್ಲಿ ಫ್ರೆಂಚಿಗಿಂತ ಮೊದಲು ತಮಿಳು, ಕ್ಯಾಂಟನೀಸ್, ಟಗಾಲೋಗ್ ಕಿವಿಗೆ ಬೀಳುತ್ತವೆ. ಹೀಗಾಗಿ ಇಮ್ಮರ್ಶನ್ ಮುಗಿಸಿದ ಮಕ್ಕಳು ಕೇಳಿ ತಿಳಿಯುವುದರಲ್ಲಿ, ಓದುವುದರಲ್ಲಿ ಗಟ್ಟಿಗರು, ಮಾತಿನಲ್ಲಿ ಮಾತ್ರ ಕ್ವಿಬೆಕ್‌ನ ಹುಡುಗರಂತಿರುವುದಿಲ್ಲ. ಹೈಸ್ಕೂಲಿಗೆ ಬರುವಷ್ಟರಲ್ಲಿ ಬಿಟ್ಟುಬಿಡುವವರೂ ಅನೇಕರು.

ಹಾಗಾದರೆ ಕಳುಹಿಸಿ ಎಂದೇಕೆ ಹೇಳಿದೆ? ಬೇಡವೆಂದರೂ ಫ್ರೆಂಚ್ ಅವನನ್ನು ಬಿಡುವುದಿಲ್ಲ. ಒಂಟಾರಿಯೋದ ಇಂಗ್ಲಿಷ್ ಶಾಲೆಗಳಲ್ಲಿ ನಾಲ್ಕರಿಂದ ಎಂಟನೇ ತರಗತಿಯ ತನಕ ಅದು ಕಡ್ಡಾಯ, ಒಟ್ಟು 600 ಗಂಟೆ. ಅಷ್ಟರಲ್ಲಿ ಬಣ್ಣಗಳ ಹೆಸರು, ವಾರಗಳ ಹೆಸರು, ಹವಾಮಾನದ ಬಗ್ಗೆ ಎರಡು ಮಾತು ಬಂದರೆ ಅದೇ ದೊಡ್ಡದು. ಇಮ್ಮರ್ಶನ್‌ನಲ್ಲಿ ಎಂಟನೇ ತರಗತಿ ಮುಗಿಯುವಷ್ಟರಲ್ಲಿ ಕನಿಷ್ಠ 3,800 ಗಂಟೆ. ಭಾಷೆ ನಿಜವಾಗಿ ಮೈಗೂಡುವುದು ಈ ಎರಡನೆಯದರಲ್ಲೇ. ಕನ್ನಡ, ಇಂಗ್ಲಿಷ್ ಎರಡನ್ನೂ ನಾಲ್ಕನೇ ವಯಸ್ಸಿಗೇ ಬೇರೆಬೇರೆ ಜಾಗದಲ್ಲಿಟ್ಟು ಬಳಸುವ ಹುಡುಗನಿಗೆ ಮೂರನೆಯದು ಹೊರೆಯಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳೂ ಇಮ್ಮರ್ಶನ್‌ನಲ್ಲಿ ಚೆನ್ನಾಗಿಯೇ ಕಲಿಯುತ್ತಾರೆ ಎಂದು ಕೆನಡಾದ ಅಧ್ಯಯನಗಳೂ ತೋರಿಸಿವೆ. ಹೊಂದಲಿಲ್ಲವೆಂದರೆ ಇಂಗ್ಲಿಷ್ ತರಗತಿಗೆ ಮರಳುವ ದಾರಿ ತೆರೆದೇ ಇರುತ್ತದೆ. ತಡವಾಗಿ ಒಳಗೆ ಹೋಗುವ ದಾರಿಗಳು ಕಡಿಮೆ. ನಾಲ್ಕರಲ್ಲೋ, ಆರು-ಏಳರಲ್ಲೋ ಸೇರಿಸಿಕೊಳ್ಳುವ ಮಂಡಳಿಗಳಿವೆ. ನಿಮ್ಮಲ್ಲಿ ಯಾವುದಿದೆ ಎಂದು ಕೇಳಿಟ್ಟುಕೊಂಡರೆ, ಈ ವರ್ಷ ಬೇಡವೆಂದು ತೀರ್ಮಾನಿಸಿದರೂ ಎದೆ ಡವಗುಟ್ಟುವುದಿಲ್ಲ.

ಈಗ ಆ ಮಾತು. ‘ಕನ್ನಡ ಮೀಡಿಯಂನವರಿಗೆ ಎಲ್ಲದಕ್ಕೂ ಭಯ.’

ನಿಮ್ಮ ಪತಿ ಕೆಟ್ಟವರೆಂದು ನಾನು ಹೇಳಲಾರೆ. ವಾದದಲ್ಲಿ ಸೋಲುವ ಲಕ್ಷಣ ಕಂಡಾಗ ಕೈಗೆ ಸಿಕ್ಕಿದ್ದನ್ನು ಎಸೆಯುವ ಗಂಡಂದಿರು ಬೇಕಾದಷ್ಟಿದ್ದಾರೆ. ಆದರೆ ಅವರು ಗಮನಿಸದ ಒಂದು ಸಂಗತಿಯಿದೆ. ಎಲ್‌ಕೆಜಿಯ ನೆನಪು ಯಾರಿಗಿರುತ್ತದೆ? ಅರ್ಥವಾಗದ ಭಾಷೆಯಲ್ಲಿ ಪಾಠ ಕೇಳುತ್ತಾ ಕೂರುವುದು ಹೇಗಿರುತ್ತದೆ ಎಂದು ಬಲ್ಲವರು ನಿಮ್ಮ ಮನೆಯಲ್ಲಿ ನೀವೊಬ್ಬರೇ. ತಿಳಿಯದಿದ್ದರೂ ತಲೆಯಾಡಿಸುವುದು, ಪಕ್ಕದವರನ್ನು ನೋಡಿ ಪುಟ ತಿರುವುವುದು, ಮನೆಗೆ ಬಂದು ‘ಎಲ್ಲ ಚೆನ್ನಾಗಿತ್ತು’ ಎನ್ನುವುದು, ಇವನ್ನೆಲ್ಲ ನೀವು ಮಾಡಿದ್ದೀರಿ. ಮಗ ಅದನ್ನೇ ಮಾಡಿದ ದಿನ ನಿಮಗೆ ತಟ್ಟನೆ ತಿಳಿಯುತ್ತದೆ, ಅವರಿಗೆ ತಿಳಿಯುವುದಿಲ್ಲ. ಇಮ್ಮರ್ಶನ್‌ಗೆ ಸೇರುವ ಮಗುವಿಗೆ ನಿಮ್ಮಂಥ ತಾಯಿ ಇರುವುದು ಫ್ರೆಂಚ್ ಬಲ್ಲ ತಾಯಿ ಇರುವುದಕ್ಕಿಂತ ಕಡಿಮೆ ಉಪಕಾರವಲ್ಲ. ಈ ಮಾತನ್ನು ಪತಿಗೆ ಹೇಳಿ. ಜಗಳದ ನಡುವೆ ಬೇಡ, ಮಗ ಮಲಗಿದ ಮೇಲೆ. ಅತ್ತೆಯವರನ್ನೋ ನನ್ನ ಅಂಕಣವನ್ನೋ ಮಧ್ಯೆ ತರಬೇಡಿ. ‘ನೀವು ಹೇಳದೆ ಅರ್ಜಿ ಹಾಕಿದ್ದು ನನಗೆ ನೋವಾಯಿತು, ಆ ಮಾತು ಅದಕ್ಕಿಂತ ಹೆಚ್ಚು ನೋವಾಯಿತು’ ಎಂದಷ್ಟೇ ಹೇಳಿ, ಉತ್ತರಕ್ಕೆ ಕಾಯಿರಿ. ಮಗನ ಶಾಲೆಯ ಬಗ್ಗೆ ಇಬ್ಬರೂ ಕೂತು ತೀರ್ಮಾನಿಸುವ ಪರಿಪಾಠ ಇಲ್ಲಿಂದ ಶುರುವಾಗದಿದ್ದರೆ ಮುಂದಿನ ಹದಿಮೂರು ವರ್ಷ ಹೀಗೆಯೇ ಇಮೇಲ್ ನೋಡಿ ತಿಳಿದುಕೊಳ್ಳುತ್ತೀರಿ.

ಉಳಿದದ್ದು ಬಸ್ಸು. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತದೆ, ದಾರಿಯಲ್ಲಿ ಎಷ್ಟು ಹೊತ್ತು, ಐದು ವರ್ಷದವರನ್ನು ಇಳಿಸಿಕೊಳ್ಳಲು ದೊಡ್ಡವರು ನಿಲ್ದಾಣದಲ್ಲಿ ಇರಲೇಬೇಕೇ, ಜ್ವರ ಬಂದಿದೆ ಎಂದು ಮಧ್ಯಾಹ್ನ ಶಾಲೆಯಿಂದ ಕರೆ ಬಂದರೆ ನಿಮ್ಮಿಬ್ಬರಲ್ಲಿ ಯಾರು ಹೋಗುತ್ತೀರಿ, ಶಾಲೆಯ ಆಚೀಚಿನ ಹೊತ್ತಿಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಅಲ್ಲೇ ಇದೆಯೇ? ಗೆಳೆಯರೆಲ್ಲ ಹಳೆಯ ಶಾಲೆಯಲ್ಲೇ ಉಳಿಯುತ್ತಾರೆ ಎನ್ನುವುದನ್ನು ಮಗನಿಗೆ ಬೇಸಿಗೆ ರಜೆಯಲ್ಲೇ ಹೇಳಿ, ಸೆಪ್ಟೆಂಬರಿನ ಮೊದಲ ದಿನಕ್ಕೆ ಬಿಡಬೇಡಿ. ದಿನಕ್ಕೆ ಎರಡು ಸಲ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂರಬೇಕೆಂದರೆ ನಾನು ಮನಸ್ಸು ಬದಲಿಸಿ ನಡೆದು ಹೋಗುವ ಶಾಲೆಯೇ ಸಾಕು ಎನ್ನುತ್ತೇನೆ. ಇದನ್ನೆಲ್ಲ ವಿಚಾರಿಸಲು ಗಡುವಿನೊಳಗೆ ಶಾಲೆಗೆ ಫೋನ್ ಮಾಡಬೇಕು. ಮಾಡುವವರು ನಿಮ್ಮ ಪತಿಯೇ ಆಗಲಿ. ಅರ್ಜಿ ಹಾಕಿದವರು ಅವರಲ್ಲವೇ?